ಮನೆಯ ಕಂಪ್ಯೂಟರಿನಲ್ಲಿ ಸರ್ನ್ ಲೆಕ್ಕ: ಪೋಷಕರ ಒಪ್ಪಿಗೆ ಕೋರಿ

ಮಾನ್ಯ ಪೋಷಕರೇ,

ಮನೆಯ ಕಂಪ್ಯೂಟರನ್ನು, ಸರ್ನ್ ಪ್ರಯೋಗಾಲಯದ ಲೆಕ್ಕಗಳನ್ನು ಜನರ ಕಂಪ್ಯೂಟರುಗಳಿಗೆ ಹಂಚುವ ‘ಎಲ್‌ಎಚ್‌ಸಿ ಅಟ್ ಹೋಮ್’ ಯೋಜನೆಗೆ ಜೋಡಿಸಲು ವಿಜ್ಞಾನ ಸಂಘದ ಮಕ್ಕಳು ನಿಮ್ಮ ಅನುಮತಿ ಕೇಳಲಿದ್ದಾರೆ. ಒಪ್ಪುವ ಮುನ್ನ ಇದನ್ನೊಮ್ಮೆ ಓದಿ.

ಜಿನೀವಾ ಬಳಿಯ ಸರ್ನ್‌ನಲ್ಲಿ, 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿರುವ ಎಲ್‌ಎಚ್‌ಸಿ ಎಂಬ ಯಂತ್ರದಲ್ಲಿ ಪ್ರೋಟಾನುಗಳನ್ನು (ಪರಮಾಣುವಿನೊಳಗಿನ ಕಣಗಳನ್ನು) ಡಿಕ್ಕಿ ಹೊಡೆಸುತ್ತಾರೆ. ಸಿಕ್ಕಿದ್ದು ಹೊಸದೋ ಹಳೆಯದೋ ಎಂದು ಹೇಳಬೇಕಾದರೆ, ಗೊತ್ತಿರುವ ಸಿದ್ಧಾಂತದ ಪ್ರಕಾರ ಏನು ಸಿಗಬೇಕಿತ್ತು ಎಂಬುದನ್ನು ಮೊದಲು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿರಬೇಕು. ಒಂದು ಡಿಕ್ಕಿಯ ಲೆಕ್ಕಕ್ಕೆ ಇನ್ನೊಂದರ ಉತ್ತರ ಬೇಡ. ಹಾಗಾಗಿ ಕೆಲಸವನ್ನು ತುಂಡು ಮಾಡಿ ಮನೆಮನೆಗೆ ಹಂಚಬಹುದು. 2004ರಲ್ಲಿ ಈ ಯೋಜನೆ ಶುರುವಾದದ್ದು ಕಣಗಳ ಓಟವನ್ನು ಲೆಕ್ಕ ಹಾಕುವ ತಂತ್ರಾಂಶ ಸಿಕ್ಸ್‌ಟ್ರ್ಯಾಕ್‌ನಿಂದ: ಕಂಪ್ಯೂಟರಿನ ಲೆಕ್ಕದಲ್ಲೇ 60 ಕಣಗಳನ್ನು ಆ ಯಂತ್ರದಲ್ಲಿ ಲಕ್ಷ, ಹತ್ತು ಲಕ್ಷ ಸುತ್ತು ಓಡಿಸಿ, ಯಾವುದು ದಾರಿ ತಪ್ಪುತ್ತದೆ ಎಂದು ನೋಡುವುದು. ದಶಮಾಂಶದ ಕೊನೆಯ ಅಂಕಿ ಎಡವಿದರೂ ಅಷ್ಟು ಸುತ್ತಿನಲ್ಲಿ ತಪ್ಪು ಬೆಳೆದು ಕಣದ ಗತಿಯೇ ಬದಲಾದೀತು. ಅದಕ್ಕೇ ಒಂದೇ ತುಂಡನ್ನು ಎರಡು ಕಂಪ್ಯೂಟರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ಓವರ್‌ಕ್ಲಾಕ್ ಮಾಡಿದ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ) ಯಂತ್ರಗಳು ಸೋಲುವುದು ಇಲ್ಲೇ.

‘ಬಾಯಿಂಕ್’ ಎಂಬ, ಲೆಕ್ಕದ ತುಂಡುಗಳನ್ನು ತಂದು ನಡೆಸುವ ತಂತ್ರಾಂಶವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ‘ಆಡ್ ಪ್ರಾಜೆಕ್ಟ್’ ಒತ್ತಿ ಪಟ್ಟಿಯಲ್ಲಿ ಯೋಜನೆಯನ್ನು ಆರಿಸಿ. ಖಾತೆ ನಿಮ್ಮ ಇಮೇಲ್‌ನಲ್ಲಿರಲಿ. ಬಳಕೆದಾರರ ಹೆಸರು ಎಲ್ಲರಿಗೂ ಕಾಣುವುದರಿಂದ ಮಗುವಿನ ನಿಜ ಹೆಸರು ಬೇಡ. ಯೋಜನೆಯಲ್ಲಿರುವ ಅಟ್ಲಾಸ್, ಥಿಯರಿ ಎಂಬ ಬಗೆಯ ಕೆಲಸಗಳಿಗೆ ವಿಂಡೋಸ್‌ನಲ್ಲಿ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ‘ವರ್ಚುವಲ್ ಯಂತ್ರ’ ನಡೆಸುವ ತಂತ್ರಾಂಶ) ಕೂಡ ಬೇಕು. ಅದಿದ್ದೂ ಕೆಲಸ ಬರದಿದ್ದರೆ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ನಲ್ಲಿ) ವರ್ಚುವಲೈಸೇಶನ್ ಆಫ್ ಆಗಿದೆಯೇ ನೋಡಿ; ಬಹುತೇಕ ಅಡಚಣೆ ಅದೇ. ಅಟ್ಲಾಸ್‌ಗೆ ಹಲವು ಜಿಬಿ ರ‍್ಯಾಮ್ ಬೇಕು, ಇಂಟರ್‌ನೆಟ್ ಡೇಟಾವೂ ಧಾರಾಳವಾಗಿ ಖರ್ಚಾಗುತ್ತದೆ. 4 ಜಿಬಿಯ ಯಂತ್ರಕ್ಕೆ ಅದು ಬೇಡವೇ ಬೇಡ.

ಸೆಟ್ಟಿಂಗ್ಸ್‌ನಲ್ಲಿ ಕೋರ್‌ಗಳ (ಪ್ರೊಸೆಸರಿನೊಳಗಿನ ಲೆಕ್ಕದ ಘಟಕಗಳ) ಬಳಕೆ 50 ಶೇಕಡಾ ಇರಲಿ. ಅಲ್ಲೇ ಕೆಳಗಿರುವ ‘ಸಿಪಿಯು ಸಮಯ’ವನ್ನು ಮಾತ್ರ 100ರಲ್ಲೇ ಬಿಡಿ. ಅದನ್ನು ಇಳಿಸಿದರೆ ಲೆಕ್ಕ ಕ್ಷಣಕ್ಕೊಮ್ಮೆ ನಿಂತು ಹೊರಡುತ್ತದೆ, ವರ್ಚುವಲ್ ಯಂತ್ರ ಮುಗ್ಗರಿಸುತ್ತದೆ. ಬ್ಯಾಟರಿಯಲ್ಲಿದ್ದಾಗ ನಿಲ್ಲುವ ಆಯ್ಕೆಗೆ ಟಿಕ್ ಹಾಕಿ.

ಮಕ್ಕಳು ಮಾಡುವ ದೊಡ್ಡ ತಪ್ಪು, ಲೆಕ್ಕ ನಡೆಯುತ್ತಿರುವಾಗಲೇ ಪವರ್ ಬಟನ್ ಒತ್ತಿಬಿಡುವುದು. ಗಂಟೆಗಟ್ಟಲೆಯ ಲೆಕ್ಕ ಅಲ್ಲಿಗೆ ಹೋಯಿತು. ಮೊದಲು ‘ಸಸ್ಪೆಂಡ್’ ಒತ್ತಿ, ವರ್ಚುವಲ್ ಯಂತ್ರದ ಸ್ಥಿತಿ ಡಿಸ್ಕಿಗೆ ಇಳಿಯಲು ಒಂದೆರಡು ನಿಮಿಷ ಕಾದು, ಬಾಯಿಂಕ್‌ನಿಂದ ಹೊರಬಂದು, ಆಮೇಲೆ ಶಟ್‌ಡೌನ್ ಮಾಡಲಿ.

ವಿದ್ಯುತ್ ಖರ್ಚು ನಿಮ್ಮದೇ. ಹೆಚ್ಚುವರಿ ಬಳಕೆ 40 ವ್ಯಾಟ್ ಎಂದುಕೊಂಡರೆ, 5 ಗಂಟೆಗೆ 0.2 ಯುನಿಟ್. ನಿಜವಾದ ವ್ಯಾಟ್ ತಿಳಿಯಲು ಪ್ಲಗ್ ಮೀಟರ್ ಹಾಕಿ ನೋಡಿ. ಫ್ಯಾನು ಜೋರಾಗಿ ಕೂಗಿದರೆ ಕೋರ್ ಇನ್ನೂ ಇಳಿಸಿ, ಗಾಳಿಕಿಂಡಿಯ ಧೂಳು ತೆಗೆಯಿರಿ. ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪಿನಲ್ಲಿ ಇದನ್ನು ನಡೆಸಲೇಬಾರದು. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಾದರೆ ಅವರ ಅನುಮತಿಯಿಲ್ಲದೆ ಕೈಹಾಕಬೇಡಿ.

ಕೆಲವು ದಿನ ಯಾವ ಕೆಲಸವೂ ಬರುವುದಿಲ್ಲ. ಸರ್ವರಿನಲ್ಲಿ ತುಂಡುಗಳು ಮುಗಿದಿರುತ್ತವೆ, ಅಷ್ಟೇ. ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಬೇಕಿಲ್ಲ. ಪರದೆಯಲ್ಲಿ ಏರುವ ‘ಕ್ರೆಡಿಟ್’ ಹಣವಲ್ಲ, ಶಾಲೆಯ ಅಂಕಪಟ್ಟಿಗೂ ಸೇರುವುದಿಲ್ಲ. ಒಪ್ಪಿಗೆ ಕೊಡದ ಮನೆಯ ಮಕ್ಕಳೂ ಸಂಘದ ಚಟುವಟಿಕೆಯಲ್ಲಿ ಇರುತ್ತಾರೆ.

ಒಪ್ಪುವುದಾದರೆ ಕಂಪ್ಯೂಟರಿನ ರ‍್ಯಾಮ್ ಎಷ್ಟು, ದಿನಕ್ಕೆ ಎಷ್ಟು ಗಂಟೆ ನಡೆಸಬಹುದು ಎಂದು ಬರೆದು, ಸಹಿ ಮಾಡಿ ಮಗುವಿನ ಕೈಯಲ್ಲಿ ಕಳುಹಿಸಿ.

ಇಂತಿ ತಮ್ಮ,
ಮುಖ್ಯ ಶಿಕ್ಷಕರು