ಗುಂಡನಿಗೆ, ಶಾರ್ಟೇಜ್ ಲಿಸ್ಟಿನ ಸೀಸನ್ನಿನಿಂದ

ಪ್ರೀತಿಯ ಗುಂಡ,

ಇದನ್ನು ವಾಟ್ಸಾಪಲ್ಲೇ ಕಳಿಸಬಹುದಿತ್ತು. ಆದರೆ ನೀನು ಉದ್ದದ ಮೆಸೇಜಿಗೆ ಹೆಬ್ಬೆಟ್ಟು ಒತ್ತಿ ಮಲಗುವವನು. ಇಲ್ಲಿ ಹಾಕಿದರೆ ನಾಲ್ಕು ಜನ ಟ್ಯಾಗ್ ಮಾಡಿ ಓದಿಸುತ್ತಾರೆ. ಹಸಿರು ಬಕೆಟ್ ವಿಚಾರ ಎತ್ತೋದಿಲ್ಲ, ಹೆದರಬೇಡ.

ನಮ್ಮ ಕಾಲೇಜಿನಲ್ಲಿ ಈಗ ಶಾರ್ಟೇಜ್ ಲಿಸ್ಟಿನ, ಅಂದರೆ ಹಾಜರಾತಿ ಕಮ್ಮಿ ಬಿದ್ದವರ ಪಟ್ಟಿಯ ಸೀಸನ್. ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯು ಲೆಕ್ಕದಲ್ಲಿ ಶೇ. 85 ಹಾಜರಾತಿ ಬೇಕು. ಕಮ್ಮಿಯಾದರೆ ಪರೀಕ್ಷೆ ಇಲ್ಲ, ಜೂನಿಯರ್‌ಗಳ ಜೊತೆ ಕೂತು ಮತ್ತೆ ಅದೇ ಪಾಠ. ಹಾಗೆ ಕೂರೋದಕ್ಕಿಂತ ಊರೇ ವಾಸಿ ಅಂತ ಎಷ್ಟೋ ಹುಡುಗರು ಹೋಗಿಬಿಡುತ್ತಾರೆ. ಟಿಸಿ ಕೇಳೋಕೂ ಬರೋದಿಲ್ಲ.

ನಾನೀಗ ಮೆಂಟರ್ ಕಣೋ. ನಗಬೇಡ. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಡೈರಿ ಇದೆ. ಹಾಜರಾತಿ, ಇಂಟರ್ನಲ್ಸ್ ಅಂಕ, ಪೋಷಕರ ಸಹಿ, ಕೊನೆಗೆ ಒಂದಿಂಚು ಅಗಲದ ‘ರಿಮಾರ್ಕ್ಸ್’. ಅಲ್ಲಿ ಎಲ್ಲರೂ ಬರೆಯೋದು ಒಂದೇ: ‘ಅಡ್ವೈಸ್ಡ್ ಟು ಬಿ ರೆಗ್ಯುಲರ್’. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗ ಟೇಬಲ್ ಮೇಲೆ ಜೋಡಿಸಿಟ್ಟರೆ ನೋಡೋಕೆ ಬಹಳ ಚೆಂದ.

ಮೂರನೇ ಸೆಮಿಸ್ಟರಿನ ಒಬ್ಬ ಹುಡುಗ ಇದ್ದಾನೆ. ಗುರುತು ಸಿಗದಷ್ಟು ಬದಲಿಸಿ ಹೇಳ್ತೀನಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿ ಹೇಗೋ ದಾಟಿದ, ಇಲ್ಲಿ ಗಣಿತದಲ್ಲಿ ಸಿಕ್ಕಿಬಿದ್ದ. ದಿನಾ ಎಂಟೂವರೆಗೆ ಬ್ಯಾಗ್ ಹಾಕಿಕೊಂಡು ಹಾಸ್ಟೆಲ್ಲಿಂದ ಹೊರಡುತ್ತಿದ್ದ. ಕಾಲೇಜಿಗೆ ಬರುತ್ತಿರಲಿಲ್ಲ. ಸಾರ್ವಜನಿಕ ಲೈಬ್ರರಿಯಲ್ಲಿ ಕೂತು ಇದ್ದಬದ್ದ ಪೇಪರೆಲ್ಲ ಓದಿ ನಾಲ್ಕಕ್ಕೆ ವಾಪಸ್. ಕರೆಸಿ ಕೇಳಿದರೆ ‘ಹೂಂ ಸರ್’, ‘ಇಲ್ಲ ಸರ್’ ಅಷ್ಟೇ. ಸುಮ್ನೆ ಮಾತಿಗೆ ಎಳೆಯೋಣ ಅಂತ ಅಪ್ಪ ಏನು ಬೆಳೀತಾರೆ ಅಂದೆ. ಮೆಕ್ಕೆಜೋಳ ಅಂದ. ಅಲ್ಲಿಂದ ಬಾಯಿ ಬಿಟ್ಟ ನೋಡು. ರಾಣೆಬೆನ್ನೂರು, ಹಾವೇರಿ, ದಾವಣಗೆರೆ ಮಾರ್ಕೆಟ್ಟಿನ ಆ ವಾರದ ರೇಟೆಲ್ಲ ಬಾಯಿಪಾಠ. ಗಣಿತ ಬರಲ್ಲ ಅನ್ನುವವನು ಕ್ವಿಂಟಲ್ಲಿಗೆ ಎಷ್ಟು ಲಾಸು ಅಂತ ನಿಂತಲ್ಲೇ ಲೆಕ್ಕ ಹಾಕಿದ. ಕೊನೆಗೆ, ‘ನಿದ್ದೆ ಬರಲ್ಲ ಸರ್, ದಸರಾ ರಜೆಯಿಂದ’ ಅಂದ.

ಡೈರಿ ತೆಗೆದು ನೋಡಿದೆ. ಹಾಜರಾತಿ ಬಿದ್ದಿದ್ದೂ ದಸರಾದಿಂದಲೇ. ನಾವು ಮನೆಗೆ ಎಸ್ಎಂಎಸ್ ಕಳಿಸಿದ್ದೆವು. ನಾವಲ್ಲ, ಸಾಫ್ಟ್‌ವೇರ್ ಕಳಿಸಿತ್ತು.

ವ್ಯವಸ್ಥೆ ಏನೂ ಇಲ್ಲ ಅಂತ ಹೇಳೋ ಹಾಗಿಲ್ಲ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬ ಅರ್ಹ ಕೌನ್ಸೆಲರ್ ಇರಲೇಬೇಕು ಅಂತ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲೂ ಒಂದು ರೂಮಾಯಿತು. ಎಲ್ಲಿ ಗೊತ್ತಾ? ಪ್ರಿನ್ಸಿಪಾಲರ ಚೇಂಬರಿನ ಎದುರು, ಫೀಸ್ ಕೌಂಟರಿನ ಪಕ್ಕ. ಒಳಗೆ ಯಾರು ಹೋದರು, ಎಷ್ಟು ಹೊತ್ತು ಕೂತರು ಅಂತ ಕ್ಯೂನಲ್ಲಿದ್ದವರಿಗೆಲ್ಲ ಗೊತ್ತಾಗುತ್ತೆ. ಲೈಬ್ರರಿ ಹಿಂದಿನ ಖಾಲಿ ರೂಮು ಕೊಡಿ ಅಂತ ಮೀಟಿಂಗಲ್ಲಿ ಕೇಳಿದೆ. ಮಿನಿಟ್ಸ್‌ನಲ್ಲಿ ಬರೆದುಕೊಂಡರು. ರೂಮು ಎಲ್ಲೇ ಇರಲಿ, ಕ್ಲಾಸಿಗೇ ಬಾರದವನು ಕೌನ್ಸೆಲರ್ ಹತ್ತಿರ ತಾನಾಗಿ ಹೋಗ್ತಾನಾ? ಗೈರಾದ ಮೊದಲ ವಾರವೇ ಯಾರಾದರೂ ಹುಡುಕಿಕೊಂಡು ಹೋಗಬೇಕು. ಲಿಸ್ಟು ಬೋರ್ಡಿಗೆ ಹತ್ತುವ ಹೊತ್ತಿಗೆ ಅವನು ಮನಸ್ಸಿನಲ್ಲಿ ಊರು ಸೇರಿಯಾಗಿರುತ್ತೆ.

ಹುಡುಗನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ 14416 ಕೊಟ್ಟೆ. 2022ರಲ್ಲಿ ಶುರುವಾಗಿದ್ದು, ರಾತ್ರಿ ಎರಡಕ್ಕೂ ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಹೇಳಿದೆ. ಮಂಗಳವಾರ ಮನೋವೈದ್ಯರು ಬರ್ತಾರೆ, ಬೇಗ ಹೋಗು, ಚೀಟಿ ಮಾಡಿಸುವಾಗ ಏನಕ್ಕೆ ಅಂತ ಕೇಳ್ತಾರೆ, ಕಿಟಕಿ ಹತ್ತಿರ ಬಗ್ಗಿ ಮೆಲ್ಲಗೆ ಹೇಳು, ಮಾತ್ರೆ ಕೊಟ್ಟರೆ ಶುರುವಿನಲ್ಲಿ ಬಾಯಿ ಒಣಗಬಹುದು, ಬಿಟ್ಟುಬಿಡಬೇಡ...

‘ಸರ್, ನಿಮಗೆ ಇಷ್ಟೆಲ್ಲ ಹೆಂಗೆ ಗೊತ್ತು?’

ಎಲ್ಲೋ ಓದಿದ್ದೆ ಅಂದೆ.

ನಿನ್ನ ಮದುವೆಗೆ ನಾನು ಬರಲಿಲ್ಲವಲ್ಲ, ಕಾಮಾಲೆ ಅಂತ. ಕಾಮಾಲೆ ಇರಲಿಲ್ಲ ಕಣೋ. ಶರ್ಟು ಇಸ್ತ್ರಿ ಮಾಡಿ ಇಟ್ಟಿದ್ದೆ. ಬಸ್ ಹತ್ತೋಕೆ ಆಗಲಿಲ್ಲ. ಪಂಕ್ತಿಯಲ್ಲಿ ಕೂತವರು ‘ಏನು ಮಾಡ್ಕೊಂಡಿದ್ದೀಯಪ್ಪ’ ಅಂದರೆ ಉತ್ತರ ಇರಲಿಲ್ಲ. ಎಂ.ಟೆಕ್‌ಗೆ ಹೋಗೋದು ನಿಲ್ಲಿಸಿಬಿಟ್ಟಿದ್ದೆ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಗಲೆಲ್ಲ ಮಲಗಿರುತ್ತಿದ್ದೆ. ನನ್ನ ಗೈಡ್ ರೂಮು ಹುಡುಕಿಕೊಂಡು ಬಂದರು. ಥೀಸಿಸ್ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಊಟ ಆಯ್ತೇನೋ?’ ಅಂದರು. ಮಂಗಳವಾರ ಅವರೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರು ಬರದೇ ಇದ್ದಿದ್ದರೆ ಡಿಗ್ರಿ ವಿಷಯ ಬಿಡು, ನಾನೇ ಏನಾಗಿರ್ತಿದ್ದೆನೋ.

ಛೆ, ಇಷ್ಟು ಬರೆಯೋ ಉದ್ದೇಶ ಇರಲಿಲ್ಲ. ಹಾಕೋ ಮುಂಚೆ ಈ ಪ್ಯಾರಾ ಅಳಿಸಬೇಕು ಅಂದುಕೊಂಡಿದ್ದೇನೆ. ನೀನು ಓದ್ತಾ ಇದ್ದರೆ ಮರೆತಿದ್ದೇನೆ ಅಂತ ತಿಳ್ಕೋ. ಕಾಮೆಂಟಿನಲ್ಲಿ ಕೈಮುಗಿಯೋ ಚಿತ್ರ ಹಾಕಲು ಹೊರಟವರು ದಯವಿಟ್ಟು ತಡೆದುಕೊಳ್ಳಿ. ಈಗ ಚೆನ್ನಾಗಿದ್ದೇನೆ, ತೂಕವೂ ಜಾಸ್ತಿಯಾಗಿದೆ. ಹುಡುಗನ ಹಾಜರಾತಿ ವಿನಾಯಿತಿಗೆ ಡಾಕ್ಟರ್ ಚೀಟಿ ಸೇರಿಸಿ ಅರ್ಜಿ ಹಾಕಿದ್ದೇವೆ. ಗಣಿತ ಹೋದರೂ ಉಳಿದವನ್ನು ಬರೀತಾನೆ. ಅವನು ಕೊಟ್ಟ ಮೆಕ್ಕೆಜೋಳದ ಸಲಹೆ ನಂಬಿ ನಮ್ಮ ಮಾವ ಇನ್ನೂ ಮಾಲು ಮಾರಿಲ್ಲ, ಅದೊಂದು ಚಿಂತೆ.

ಒಂದು ಮಾತು. ಆಗ ನಿಮ್ಮಮ್ಮ ಪಾಪ, ಕಾಮಾಲೆಗೆ ಅಂತ ನೆಲನೆಲ್ಲಿ ಅರೆದು ಡಬ್ಬಿಗೆ ಹಾಕಿ ಕಂಡಕ್ಟರ್ ಕೈಲಿ ಕಳಿಸಿದ್ದರು. ಉಪ್ಪು, ಎಣ್ಣೆ ಬಿಟ್ಟು ಪೂರ್ತಿ ಕುಡಿದೆ. ತಮ್ಮ ಔಷಧಿಯಿಂದಲೇ ನನಗೆ ವಾಸಿಯಾಯಿತು ಅಂತ ಈಗಲೂ ಊರಲ್ಲಿ ಹೇಳ್ತಾರಂತೆ. ಅವರು ಫೇಸ್‌ಬುಕ್‌ನಲ್ಲಿ ಇಲ್ಲ ತಾನೇ?

ನಿನ್ನ,
ಸೆಕೆಂಡ್ ಶೋ