ಪಾತ್ರ ಹಿಡಿದು ಆಡುವ ಆಟವನ್ನು ಬಿಡಿಸಿ ನೋಡೋಣ

ಮಾನ್ಯರೇ,

ಬೇಸಿಗೆ ರಜೆ ಶುರುವಾಯಿತೆಂದರೆ ಬೆಂಗಳೂರಿನ ಮನೆಮನೆಯಲ್ಲೂ ಮೊಬೈಲಿಗಾಗಿ ಜಗಳ. ಆನ್‌ಲೈನ್ ಆಟ ಎಂದೊಡನೆ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಿ ಬೈಯುವುದೂ ರೂಢಿ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಲ್ಲಿ ನಿಷೇಧಿಸಿದ್ದು ಸರಿಯಾಗಿದೆ. ಆದರೆ ನಾಲ್ಕೈದು ಮಕ್ಕಳು ಒಂದೊಂದು ಪಾತ್ರ ಹಿಡಿದು, ಒಟ್ಟಾಗಿ ಒಂದು ಕಥೆ ಬೆಳೆಸುವ ರೋಲ್ ಪ್ಲೇ ಆಟಗಳ ಜಾತಿಯೇ ಬೇರೆ.

ತಾಳಮದ್ದಳೆ ಕೇಳಿದವರಿಗೆ ಇದು ತೀರಾ ಹೊಸದಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಕರ್ಣನಾಗಬೇಕು, ಎದುರಿನವರು ಎಸೆದ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಕಟ್ಟಬೇಕು. 1974ರಲ್ಲಿ ಅಮೆರಿಕದಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆಲ್ಲ ಮೂಲ. ಮೇಜಿನ ಸುತ್ತ ಕೂತು ಆಡುತ್ತಿದ್ದುದನ್ನು ಈಗ ವಿಡಿಯೊ ಕಾಲ್‌ನಲ್ಲೂ ಆಡುತ್ತಾರೆ. ಕಥೆ ನಡೆಸುವವರು ಒಬ್ಬರು, ಭಾಗವತರೆಂದೇ ಕರೆಯೋಣ. ಉಳಿದವರು ಪಾತ್ರಧಾರಿಗಳು. ಪಾತ್ರ ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಹೇಳುವುದು 20 ಮುಖದ ದಾಳ.

ಗಣಿತ ಇಲ್ಲಿ ತಾನಾಗಿ ಒಳಗೆ ಬರುತ್ತದೆ. ಬಾಗಿಲು ಮುರಿಯಲು 15 ಅಥವಾ ಹೆಚ್ಚು ಬೀಳಬೇಕು ಎನ್ನೋಣ. 20ರಲ್ಲಿ 6 ಅವಕಾಶ, ಅಂದರೆ ಶೇ 30. ಪಾತ್ರದ ಬಲಕ್ಕೆ 4 ಅಂಕ ಇದ್ದರೆ ಅದನ್ನು ದಾಳದ ಸಂಖ್ಯೆಗೆ ಕೂಡಿಸುತ್ತೇವೆ. ಆಗ ದಾಳದಲ್ಲಿ 11 ಬಿದ್ದರೂ ಸಾಕು, ಶೇ 50. ಬಲವೇ ಇಲ್ಲದ ಪಾತ್ರಕ್ಕೆ ಗೆಳತಿ ಕೈಜೋಡಿಸಿದರೆ ದಾಳವನ್ನು ಎರಡು ಸಲ ಎಸೆದು ದೊಡ್ಡದನ್ನು ಹಿಡಿಯಬಹುದು. ಎರಡೂ ಸಲ ಸೋಲುವ ಸಾಧ್ಯತೆ 0.7 × 0.7 = 0.49. ಗೆಲ್ಲುವುದು ಶೇ 51! ಗೆಳತಿಯ ನೆರವು ನಾಲ್ಕು ಅಂಕದ ಬಲಕ್ಕಿಂತ ಕೂದಲೆಳೆ ಹೆಚ್ಚು. ದಾಳ ಇಲ್ಲದವರು 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ ಕ್ಯಾಮೆರಾ ಮುಂದೆ ಎತ್ತಿದರಾಯಿತು. ಆದರೆ ಎರಡನೇ ಚೀಟಿ ಎತ್ತುವ ಮೊದಲು ಮೊದಲನೆಯದನ್ನು ಮರಳಿ ಹಾಕಬೇಕು. ಹಾಕದಿದ್ದರೆ ಗೆಲುವು ಶೇ 52ಕ್ಕೆ ಏರುತ್ತದೆ. ಯಾಕೆ ಏರಿತು ಎಂದು ಮಕ್ಕಳನ್ನೇ ಕೇಳಿ.

ಭಾಗವತರ ಜೊತೆ ಮೂರು ಅಥವಾ ನಾಲ್ಕು ಮಕ್ಕಳು, ಒಂದೂವರೆ ಗಂಟೆ. ಆರು ಜನ ಸೇರಿದರೆ ತಮ್ಮ ಸರದಿ ಬರುವಷ್ಟರಲ್ಲಿ ಚಿಕ್ಕವರು ಎದ್ದುಹೋಗುತ್ತಾರೆ. ಪ್ರತಿ ಮಗುವೂ ಒಂದು ಹಾಳೆಯಲ್ಲಿ ಪಾತ್ರದ ಹೆಸರು, ಬಲ, ಬುದ್ಧಿ, ಮಾತು ಎಂಬ ಮೂರು ಗುಣಗಳಿಗೆ ಒಟ್ಟು 6 ಅಂಕ, ಜೊತೆಗೆ ಒಂದು ದೌರ್ಬಲ್ಯ ಬರೆದುಕೊಳ್ಳಲಿ. ಯಾವ ಗುಣಕ್ಕೂ 4ಕ್ಕಿಂತ ಹೆಚ್ಚು ಬೇಡ. ಈ ಮಿತಿ ಇಲ್ಲದೆ ಹೋದರೆ ಒಬ್ಬ ಸೋಲೇ ಇಲ್ಲದ ವೀರನನ್ನು ತರುತ್ತಾನೆ, ಹತ್ತು ನಿಮಿಷದಲ್ಲಿ ಜಗಳ ಶುರು. ಇನ್ನೊಂದು ನಿಯಮವಂತೂ ಕಡ್ಡಾಯ: ಬೇರೆಯವರ ಪಾತ್ರದ ಕೈಕಾಲನ್ನು ನಾವು ಆಡಿಸುವಂತಿಲ್ಲ. ‘ನಾನು ಕತ್ತಿ ಬೀಸಿದೆ’ ಎನ್ನಬಹುದು. ‘ನೀನು ಬಿದ್ದೆ’ ಎನ್ನಬಾರದು. ದೊಡ್ಡವರು ಭಾಗವತರಾದಾಗ ಮಾಡುವ ತಪ್ಪೆಂದರೆ ಕಥೆಯ ಕೊನೆಯನ್ನು ಮೊದಲೇ ನಿಶ್ಚಯಿಸಿಕೊಂಡು ಬರುವುದು. ತಾವು ಏನು ಆರಿಸಿಕೊಂಡರೂ ಕಥೆ ಬದಲಾಗದು ಎಂದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ, ಆಮೇಲೆ ಮಾತೇ ನಿಲ್ಲುತ್ತದೆ.

ಇದನ್ನು ಕನ್ನಡದಲ್ಲೇ ಆಡಿಸಿ ಎಂಬುದು ನಮ್ಮ ಒತ್ತಾಯ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಈ ಊರಿನ ಎಷ್ಟೋ ಮಕ್ಕಳ ಕನ್ನಡ ‘ಊಟ ಆಯ್ತಾ, ನೀರು ಕೊಡು’ ಎಂಬಲ್ಲಿಗೇ ನಿಂತಿದೆ. ಕಾವಲುಗಾರನನ್ನು ಬೆದರಿಸಲು, ಅಂಗಡಿಯವಳ ಹತ್ತಿರ ಚೌಕಾಸಿ ಮಾಡಲು, ರಾಜನ ಮುಂದೆ ಅಂಗಲಾಚಲು ಅದು ಸಾಲದು. ಬೇಕಾದ ಮಾತನ್ನು ಆಗ ಅವರೇ ಕೇಳಿ ಪಡೆಯುತ್ತಾರೆ.

ದೊಡ್ಡ ಕಂಪ್ಯೂಟರ್ ಆಟಗಳಲ್ಲೂ ಕಲಿಕೆ ಇದೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಐವರ ತಂಡದಲ್ಲಿ ಒಬ್ಬರು ಏಟು ತಡೆಯಬೇಕು, ಒಬ್ಬರು ಗಾಯ ವಾಸಿ ಮಾಡಬೇಕು, ಮೂವರು ಹೊಡೆಯಬೇಕು. ಒಬ್ಬರು ಕೆಲಸ ಬಿಟ್ಟರೂ ಐವರೂ ಸೋಲಬಹುದು. ಹಾಗಾಗಿ ‘ಈಗಲೇ ಮುಚ್ಚು’ ಎಂದು ಗದರಿದರೆ ಮಗು ರೇಗುತ್ತದೆ, ಏಕೆಂದರೆ ಎದ್ದರೆ ನಾಲ್ವರಿಗೆ ಕೈಕೊಟ್ಟಂತೆ. ‘ಇದು ಮುಗಿದ ಮೇಲೆ ಇನ್ನೊಂದು ಶುರು ಮಾಡಬೇಡ ಪುಟ್ಟಾ’ ಎಂದು ಮೊದಲೇ ಹೇಳಿಡಿ.

ಅಪಾಯ ಇರುವುದು ಆಟದೊಳಗೆ ದುಡ್ಡು ಕೊಟ್ಟು ತೆರೆಯುವ, ಒಳಗೇನಿದೆ ಎಂದು ಮೊದಲೇ ತಿಳಿಯದ ಅದೃಷ್ಟದ ಪೆಟ್ಟಿಗೆಗಳಲ್ಲಿ. ಅಪರೂಪದ ವಸ್ತು ಸಿಗುವ ಸಾಧ್ಯತೆ ಶೇ 1 ಎಂದರೆ ನೂರು ಸಲ ತೆರೆದರೂ ಸಿಗದೇ ಇರುವ ಸಾಧ್ಯತೆ ಸುಮಾರು ಶೇ 37. ‘99 ಆಯ್ತು, ಇನ್ನೊಂದಕ್ಕೆ ಖಂಡಿತ’ ಎಂಬ ನಂಬಿಕೆಯೇ ಜೇಬು ಖಾಲಿ ಮಾಡುವುದು. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಫೋನಿನಲ್ಲಿ ಕಾರ್ಡ್ ವಿವರ ಉಳಿಸಬೇಡಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಅಪರಿಚಿತರ ಜೊತೆಗಿನ ಚಾಟ್ ಮುಚ್ಚಿ. ಪಾತ್ರಕ್ಕೆ ಹೆಸರು, ಊರು ಇರಲಿ, ಮಗುವಿನ ಸ್ವಂತ ಹೆಸರು, ಶಾಲೆ, ಫೋಟೊ ಬೇಡ. ‘ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮಾತಾಡೋಣ’ ಎಂದು ಯಾರಾದರೂ ಕರೆದರೆ ತಕ್ಷಣ ಮನೆಯವರಿಗೆ ಹೇಳಬೇಕೆಂದು ಕಲಿಸಿ. ನಿದ್ದೆ, ಊಟ, ಓದು ಮೂರೂ ಕೆಟ್ಟು ಆಟವೊಂದೇ ಉಳಿದಿದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ, ಹೋಗಲು ಸಂಕೋಚ ಬೇಡ.

ತಮ್ಮಲ್ಲೊಂದು ಕೋರಿಕೆ. ಈ ರಜೆಯಲ್ಲಿ ಮಕ್ಕಳ ಪುಟದಲ್ಲಿ ವಾರಕ್ಕೊಂದು ಕಥೆಯ ಆರಂಭ, ನಾಲ್ಕು ಪಾತ್ರ, ಮೂರು ಇಕ್ಕಟ್ಟಿನ ಸನ್ನಿವೇಶ ಪ್ರಕಟಿಸಿ. ಕೊನೆಯನ್ನು ಮಾತ್ರ ಅಚ್ಚು ಮಾಡಬೇಡಿ.

– ಇಬ್ಬರು ಗಣಿತ ಶಿಕ್ಷಕಿಯರು, ಬಸವನಗುಡಿ, ಬೆಂಗಳೂರು