ಹೊರಗಿನಿಂದ ಹೆಸರು ಕೂಗುವವರು

ನವನಗರ, ಹುಬ್ಬಳ್ಳಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಮುಟ್ಟಿತು. ಸತ್ತೂರಿನ ಬಳಿ ನೋಡಿರುವ ಮನೆಯ ಅಳತೆ, ಬೆಲೆ, ಸಾಲದ ಕಂತು ಎಲ್ಲವನ್ನೂ ಕ್ರಮವಾಗಿ ಬರೆದಿದ್ದೀಯ. ಅವುಗಳಲ್ಲಿ ನಾನು ತಿದ್ದಬೇಕಾದದ್ದು ಏನೂ ಇಲ್ಲ. ಆದರೆ ಕೊನೆಯಲ್ಲಿ, ಸಹಿಯ ಮೇಲೆ ಉಳಿದಿದ್ದ ಇಕ್ಕಟ್ಟಾದ ಜಾಗದಲ್ಲಿ, ‘ಮಾಮಾ, ನಾನು ಕೆಲಸಕ್ಕೆ ಹೋದ ಮೇಲೆ ಅಲ್ಲಿ ಅವ್ವನನ್ನು ಹೊರಗಿನಿಂದ ಹೆಸರು ಹಿಡಿದು ಕೂಗುವವರು ಯಾರಿರುತ್ತಾರೆ’ ಎಂದು ಬರೆದಿದ್ದೀಯಲ್ಲ, ಆ ಒಂದು ಸಾಲು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಫೋನಿನಲ್ಲಿ ಆಡುವ ಮಾತಲ್ಲ ಇದು ಎನಿಸಿ ಬರೆಯಲು ಕುಳಿತಿದ್ದೇನೆ.

ಅಣ್ಣಿಗೇರಿಯ ಮನೆಯನ್ನು ಬಿಡಬೇಕಾಗಿ ಬಂದ ಕಾರಣಗಳನ್ನು ನಾವಿಬ್ಬರೂ ಮತ್ತೆ ಎತ್ತುವುದು ಬೇಡ. ಸತ್ತೂರು ವಾಸಕ್ಕೆ ಯೋಗ್ಯವೇ ಎಂದು ನೀನು ಯಾರನ್ನು ಕೇಳಿದರೂ ಯೋಗ್ಯವೆಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ದೊಡ್ಡ ಆಸ್ಪತ್ರೆ ಮಗ್ಗುಲಲ್ಲಿದೆ, ಅವಳಿ ನಗರಗಳ ನಡುವೆ ಓಡುವ ಚಿಗರಿ ಎಂಬ ತ್ವರಿತ ಬಸ್ಸು ನಿಲ್ಲುತ್ತದೆ, ಹುಬ್ಬಳ್ಳಿಗೆ ಹೋಗಬೇಕೆಂದರೂ ಧಾರವಾಡಕ್ಕೆ ಹೋಗಬೇಕೆಂದರೂ ಸುಮಾರು 20 ಕಿಲೋಮೀಟರಿನ ಆ ಹಾದಿಯಲ್ಲಿ ನಡುವೆ ಇದ್ದಂತಾಗುತ್ತದೆ. ಇವೆಲ್ಲ ಮನೆಯಿಂದ ಹೊರಗೆ ಹೋಗಿಬರುವವರ ಅನುಕೂಲಗಳು. ನೀನು ಕೇಳಿರುವುದು ಮನೆಯಲ್ಲಿ ಉಳಿಯುವವಳ ಪ್ರಶ್ನೆ. 1991ರಲ್ಲಿ ನಾನು ನವನಗರದಲ್ಲಿ ಈ ಮನೆ ಕಟ್ಟಿಸಿದಾಗ ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಆಗ ನಮ್ಮ ಅವ್ವನನ್ನು ಇಲ್ಲಿಗೆ ಕರೆತಂದದ್ದು ನಿನಗೆ ಗೊತ್ತು. ಆದರೆ ಒಂದು ಸಂಗತಿಯನ್ನು ನಿನ್ನ ತಾಯಿಗೂ ನಾನು ಹೇಳಿಲ್ಲ. ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಗೆ ಹೋಗುವವರು, ಹಾಲು ಕೊಡುವವರು, ಬಳೆಗಾರರು, ಸುಮ್ಮನೆ ಹಾದುಹೋಗುವವರು ಸಹ ಅವ್ವನನ್ನು ಹೆಸರಿನಿಂದ ಕೂಗಿ, ಆಕೆ ಒಳಗಿನಿಂದ ಓಗೊಟ್ಟ ಮೇಲೆಯೇ ಮುಂದೆ ಹೋಗುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಆಕೆ ಬ್ಯಾಂಕಿನವರ ತಾಯಿಯಾದಳು. ನೆರೆಯವರು ಒಳ್ಳೆಯವರೇ, ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದರು. ಆದರೂ ಎಲ್ಲರೂ ಆಕೆಯನ್ನು ಕರೆದದ್ದು ನನ್ನ ನೌಕರಿಯ ಹೆಸರಿನಿಂದ. ನಾಲ್ಕೈದು ತಿಂಗಳ ನಂತರ ಅವ್ವ ಸಂಜೆಯ ಹೊತ್ತು ರಸ್ತೆಯ ಬಸ್ ನಿಲ್ದಾಣಕ್ಕೆ ನಡೆದು ಹೋಗಿ, ಅಲ್ಲಿ ಬುಟ್ಟಿಯಿಟ್ಟುಕೊಂಡು ನವಲೂರಿನ ಪೇರಲ ಹಣ್ಣು ಮಾರುತ್ತಿದ್ದ ಹೆಂಗಸಿನ ಪಕ್ಕದಲ್ಲಿ ಕೂಡತೊಡಗಿದಳು. ಒಂದು ದಿನ ನಾನು ಮೇಲಧಿಕಾರಿಯ ಜೊತೆ ಬಸ್ಸಿನಿಂದ ಇಳಿದಾಗ ಆಕೆ ಅಲ್ಲಿ ಕುಳಿತಿದ್ದಳು. ‘ಇಲ್ಲೆಲ್ಲ ಹೀಗೆ ಕೂಡಬೇಡವ್ವಾ, ಜನ ಏನೆಂದಾರು’ ಎಂದೆ. ಅವ್ವ ಮರುಮಾತಾಡದೆ ಎದ್ದು ಸೆರಗು ಕೊಡವಿಕೊಂಡು ನನ್ನ ಹಿಂದೆ ಬಂದಳು, ಮತ್ತೆ ಎಂದೂ ಅಲ್ಲಿಗೆ ಹೋಗಲಿಲ್ಲ. ಆಮೇಲೆ ಎರಡು ಸಲ ಆ ಹಣ್ಣಿನ ಹೆಂಗಸು ನನ್ನನ್ನು ತಡೆದು, ‘ನಮ್ಮ ಅಣ್ಣಿಗೇರಿ ಅಕ್ಕ ಯಾಕ್ರಿ ಈಗ ಕಾಣಂಗಿಲ್ಲ?’ ಎಂದು ಕೇಳಿದಳು. ಈ ಇಡೀ ಬಡಾವಣೆಯಲ್ಲಿ ಅವ್ವನಿಗೆ ಅವ್ವನದೇ ಒಂದು ಹೆಸರು ಇಟ್ಟಿದ್ದವಳು ಆಕೆಯೊಬ್ಬಳೇ, ಆ ನಂಟನ್ನು ಕಡಿದವನು ನಾನು. ಮುಂದಿನದು ನಿನಗೆ ತಿಳಿದೇ ಇದೆ.

ಆದ್ದರಿಂದ ನಿನ್ನ ಸಾಲನ್ನು ಓದಿದಾಗ ನನಗೆ ಭಯವೂ ಆಯಿತು, ಸಮಾಧಾನವೂ ಆಯಿತು. ನಾನು ಕೇಳದೇ ಹೋದದ್ದನ್ನು ನೀನು ಕರಾರುಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಿದ್ದೀಯ.

ನನಗೆ ಕಂಡದ್ದನ್ನು ಹೇಳುತ್ತೇನೆ, ಸರಿ ಕಂಡರೆ ತೆಗೆದುಕೊ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳಿಗೆ ಒಂದೇ ಪಾಲಿಕೆಯಾದಾಗ ನಡುವೆ ಇದ್ದದ್ದು ಬರಿಯ ಬಯಲಲ್ಲ. ಉಣಕಲ್ಲು, ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರು, ನವಲೂರು ಎಲ್ಲವೂ ತಮ್ಮ ಗುಡಿ, ಕಟ್ಟೆ, ಓಣಿಗಳಿದ್ದ ಹಳ್ಳಿಗಳು. ಲೇಔಟುಗಳು ಅವುಗಳ ಹೊಲಗಳ ಮೇಲೆ ಎದ್ದವು, ಆದರೆ ಹಳೆಯ ಓಣಿಗಳು ಒಳಗೆ ಹಾಗೆಯೇ ಉಳಿದಿವೆ. ಇಲ್ಲಿಂದ ಕಾಲ್ನಡಿಗೆಯಲ್ಲಿ ಹೋಗಬಹುದಾದ ಅಮರಗೋಳದ ಶಂಕರಲಿಂಗ ಗುಡಿಯ ಕಡೆಗೆ ನಾನು ಅವ್ವನನ್ನು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಹಳ್ಳಿಯನ್ನು ಬಿಟ್ಟು ಬಂದವರು ಮತ್ತೆ ಹಳ್ಳಿಯ ಕಡೆಗೇಕೆ ಹೋಗಬೇಕು ಎಂಬ ತಿಳಿಗೇಡಿತನ ಆಗ ನನ್ನಲ್ಲಿತ್ತು. ನೀನು ನೋಡಿರುವ ಮನೆಯಿಂದ ಸತ್ತೂರಿನ ಹಳೆಯ ಓಣಿಗೆ ಅಕ್ಕ ತನ್ನ ಮೊಣಕಾಲಿನ ನೋವಿನಲ್ಲಿ, ತನ್ನ ಹೆಜ್ಜೆಯಲ್ಲಿ, ಒಬ್ಬಳೇ ಹೋಗಿಬರಲು ಸಾಧ್ಯವೇ? ಆಸ್ಪತ್ರೆ ಎಷ್ಟು ದೂರವೆಂದು ಅಳೆದಂತೆ ಇದನ್ನೂ ಅಳೆಯಬೇಕು ಎಂಬುದು ನನ್ನ ಆಸೆ.

ಹೆದ್ದಾರಿಯ ಯಾವ ಮಗ್ಗುಲಿಗೆ ಮನೆಯಿದೆ ಎಂದು ನೀನು ಬರೆದಿಲ್ಲ. ರಸ್ತೆ ಅಗಲವಾದ ಮೇಲೆ ಚಿಗರಿಯ ನಿಲ್ದಾಣಗಳು ನಟ್ಟನಡುವೆ ಇವೆ; ಬಸ್ಸು ಹತ್ತಲು ಅರ್ಧ ರಸ್ತೆ ದಾಟಬೇಕು, ಆಚೆಯ ಅಂಗಡಿಗೆ ಹೋಗಲು ಪೂರ್ತಿ ದಾಟಬೇಕು. ನಿನಗೆ ಅದು ಅರ್ಧ ನಿಮಿಷದ ಕೆಲಸ, ಅಕ್ಕನಿಗೆ ಅದೊಂದು ಹೊಳೆ. ಗುಡಿ, ಕಿರಾಣಿ ಅಂಗಡಿ, ಮನೆ ಮೂರೂ ಒಂದೇ ದಡದಲ್ಲಿರುವುದು ಒಳ್ಳೆಯದು. ಮೊದಲ ಮಹಡಿಯ ಮನೆ ಸ್ವಲ್ಪ ಅಗ್ಗವಾದರೂ ಬೇಡವೆಂದು ನನ್ನ ಮನಸ್ಸು ಹೇಳುತ್ತದೆ, ಏಕೆಂದರೆ ಮಹಡಿಯಲ್ಲಿರುವವರನ್ನು ಬೀದಿಯಿಂದ ಯಾರೂ ಕೂಗುವುದಿಲ್ಲ. ಇಷ್ಟೆಲ್ಲ ಹೇಳುವ ಅರ್ಹತೆ ನನಗಿದೆಯೇ ಎಂಬ ಸಂಕೋಚ ಬರೆಯುವಾಗಲೂ ಇದೆ.

ಇನ್ನೊಂದು ಸಣ್ಣ ಮಾತು: ತಳಪಾಯದ ಮಣ್ಣನ್ನು ವಿಚಾರಿಸು. ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ನಮ್ಮ ಪಡಸಾಲೆಯ ಗೋಡೆಯ ಸೀಳನ್ನು ನೀನೇ ಕಂಡಿದ್ದೀಯ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮಾರುವವರನ್ನು ಕೇಳದೆ ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳು. ಹಾಗೆ ಕೇಳಿದಾಗ ಅವರು ಬಾಗಿಲಿಗೆ ಬಂದು ಮಾತಾಡಿಸುತ್ತಾರೋ, ಕಿಟಕಿಯಿಂದಲೇ ಉತ್ತರ ಕೊಡುತ್ತಾರೋ ಎಂಬುದನ್ನೂ ಗಮನಿಸು. ನಿನ್ನ ಭಯಕ್ಕೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕೀತು. ನೀನು ಮನೆ ನೋಡಿದ್ದು ರವಿವಾರ. ರವಿವಾರ ಎಲ್ಲ ಬಡಾವಣೆಗಳೂ ತುಂಬಿಕೊಂಡಂತೆ ಕಾಣುತ್ತವೆ. ಮಂಗಳವಾರವೋ ಬುಧವಾರವೋ ಹಗಲು ಹನ್ನೊಂದರ ಹೊತ್ತಿಗೆ, ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಹೋಗಿ ಆ ಬೀದಿಯಲ್ಲಿ ಒಂದು ತಾಸು ನಿಂತು ನೋಡು. ಅಕ್ಕ ಬಾಳಬೇಕಾದದ್ದು ಆ ಹೊತ್ತಿನ ಬೀದಿಯಲ್ಲಿ.

ಮುಂಗಡ ಕೊಡುವ ಮೊದಲು ಅವಳನ್ನೇ ಒಮ್ಮೆ ಕರೆದುಕೊಂಡು ಬಾ. ಅಣ್ಣಿಗೇರಿಯಿಂದ ಬೆಳಗಿನ ರೈಲಿಗೆ ಹೊರಟರೆ ಊಟದ ಹೊತ್ತಿಗೆ ಮೊದಲೇ ಸತ್ತೂರಿನಲ್ಲಿರಬಹುದು. ಮನೆಯನ್ನು ಆಮೇಲೆ ತೋರಿಸು, ಮೊದಲು ಹಳೆಯ ಓಣಿಯ ಗುಡಿಕಟ್ಟೆಯ ಮೇಲೆ ಕೂಡಿಸು. ನಾನೂ ಬರುತ್ತೇನೆ, ಆದರೆ ದೂರದಲ್ಲಿಯೇ ನಿಲ್ಲುತ್ತೇನೆ. ಅವಳು ತಾನಾಗಿ ಏಳುವವರೆಗೆ ನಾವಿಬ್ಬರೂ ಅವಳನ್ನು ಕರೆಯುವುದು ಬೇಡ.

ಇಂತಿ,
ನಿನ್ನ ಮಾಮಾ